ಜಕ್ಕಲಿಯ ದೊಡ್ಡಮೇಟಿ ಮತ್ತು ಒಂದು ರಾಜೀನಾಮೆ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಗಡಿಗಳನ್ನು ಬಹುಕಾಲ ನಿರ್ಧರಿಸಿದವರು ಇಲ್ಲಿ ಉಳುವವರಲ್ಲ. 1785ರಲ್ಲಿ ನರಗುಂದ ಟಿಪ್ಪು ಸುಲ್ತಾನನ ಸೇನೆಯ ವಶವಾಯಿತು. 1787ರಲ್ಲಿ ಗಜೇಂದ್ರಗಡದಲ್ಲಿ ಟಿಪ್ಪುವಿಗೂ ಮರಾಠರಿಗೂ ಒಪ್ಪಂದವಾಗಿ ಅದು ಮತ್ತೆ ಮರಾಠರ ಪಾಲಾಯಿತು. 1858ರಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಬಂಡೆದ್ದು ಬೆಳಗಾವಿಯಲ್ಲಿ ನೇಣಿಗೇರಿದ. ಸಂಸ್ಥಾನವೂ ಬ್ರಿಟಿಷರ ಕೈಸೇರಿತು. ಒಡೆಯರು ಬದಲಾದಾಗಲೆಲ್ಲ ಗಡಿಯೂ ಬದಲಾಯಿತು. ರೈತನನ್ನು ಯಾರೂ ಕೇಳಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯವನೇ ಒಬ್ಬ ಶಾಸನಸಭೆಯಲ್ಲಿ ಎದ್ದು ನಿಂತು ಗಡಿಯನ್ನು ಜನರ ಮಾತಿಗೆ ತಕ್ಕಂತೆ ಹಾಕಿರೆಂದು ಕೇಳಿದ. ಅವರೇ ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ಜ್ಞಾನಪ್ಪ ದೊಡ್ಡಮೇಟಿ.

1908ರಲ್ಲಿ ಹುಟ್ಟಿದ ದೊಡ್ಡಮೇಟಿಯವರು ಗಾಂಧೀಜಿಯ ಹಾದಿ ಹಿಡಿದು ಸ್ವಾತಂತ್ರ್ಯ ಹೋರಾಟಕ್ಕಿಳಿದವರು, ಸೆರೆಮನೆ ಕಂಡವರು. ಮುಂಬಯಿ ವಿಧಾನಸಭೆಯ ಸದಸ್ಯರಾಗಿ 1947ರಲ್ಲಿ ಅಲ್ಲಿ ಭಾಷಾವಾರು ಪ್ರಾಂತ ರಚನೆಯ ನಿರ್ಣಯ ಮಂಡಿಸಿದರು. ಆಗ ಜಕ್ಕಲಿ ಮುಂಬಯಿ ಪ್ರಾಂತದ ಅಂಚಿನಲ್ಲಿತ್ತು. ಪೂರ್ವಕ್ಕೆ ಕೆಲವು ಹರದಾರಿ ನಡೆದರೆ ಯಲಬುರ್ಗಾ, ಕುಷ್ಟಗಿ. ಅದು ನಿಜಾಮರ ರಾಜ್ಯ. ಎರಡೂ ಕಡೆ ಅದೇ ಜೋಳ, ಅದೇ ಕನ್ನಡ, ಅದೇ ಬೀಗತನ. ಆದರೆ ಈಚೆಯವನು ದೂರದ ಮುಂಬಯಿಗೆ ಅಹವಾಲು ಒಯ್ಯಬೇಕು. ಆಚೆಯವನು ತನಗೆ ಬಾರದ ಉರ್ದುವಿನಲ್ಲಿ ಕಚೇರಿಗೆ ಅರ್ಜಿ ಬರೆಸಬೇಕು.

ಉರ್ದುವನ್ನು ಮನೆಮಾತಾಗಿ ಉಳ್ಳ ನಾವು ಇದನ್ನು ಮುಚ್ಚಿಡಬೇಕಿಲ್ಲ. ದೊರೆಯ ಆಜ್ಞೆಯಿಂದ ಕಚೇರಿಗೆ ಬಂದ ಭಾಷೆ ಜನರ ಪ್ರೀತಿ ಗಳಿಸುವುದಿಲ್ಲ. ಅದರಿಂದ ಆ ಭಾಷೆಗೇ ನಷ್ಟ. ನಾವು ಮನೆಯಲ್ಲಿ ಉರ್ದು ಆಡಿದರೂ ಸಂತೆಯಲ್ಲಿ, ಹೊಲದಲ್ಲಿ, ಪಂಚಾಯತಿಯಲ್ಲಿ ಆಡುವುದು ಕನ್ನಡವನ್ನೇ. ಏಕೀಕರಣದ ಬೇಡಿಕೆ ಆ ಅರ್ಥದಲ್ಲಿ ನಮ್ಮದೂ ಆಗಿತ್ತು.

ಸ್ವಾತಂತ್ರ್ಯ ಬಂದರೂ ಬೇಡಿಕೆ ಈಡೇರಲಿಲ್ಲ. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ಪ್ರಾಣಬಿಟ್ಟ ಮೇಲೆ ಆಂಧ್ರ ರಾಜ್ಯಕ್ಕೆ ಒಪ್ಪಿಗೆ ದೊರೆಯಿತು. 1953ರ ಜನವರಿಯಲ್ಲಿ ಹೈದರಾಬಾದಿನ ನಾನಲ್ ನಗರದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಆಂಧ್ರವನ್ನು ಬೆಂಬಲಿಸಿತು, ಕರ್ನಾಟಕಕ್ಕೆ ಆ ಭರವಸೆ ಕೊಡಲಿಲ್ಲ. ದೊಡ್ಡಮೇಟಿಯವರು ಅದೇ ಪಕ್ಷದವರು. ಕೂಡಲೇ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟು ಜಕ್ಕಲಿಯಲ್ಲಿ ಉಪವಾಸ ಕುಳಿತರು. ಅದರ ಬೆನ್ನಿಗೆ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕೈಗೊಂಡರು. ಏಪ್ರಿಲ್ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ನಾಯಕರು ಸಭೆ ಸೇರಿದಾಗ ಜನ ಸಿಡಿದೆದ್ದರು, ಅನೇಕರು ಬಂಧನಕ್ಕೊಳಗಾದರು. ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಸಯ್ಯದ್ ಫಜಲ್ ಅಲಿಯವರ ನೇತೃತ್ವದಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1956ರ ನವೆಂಬರ್ 1ರಂದು ಯಲಬುರ್ಗಾ ಮತ್ತು ರೋಣ ಒಂದೇ ರಾಜ್ಯದೊಳಗೆ ಬಂದವು.

ರಾಜೀನಾಮೆ ಎಂಬ ಪದದ ಬಗ್ಗೆ ಒಂದು ಮಾತು. ಉರ್ದುವಿನಲ್ಲಿ ರಾಜೀನಾಮಾ ಎಂದರೆ ರಾಜಿಯ ಪತ್ರ, ಇಬ್ಬರೂ ಒಪ್ಪಿ ಸಹಿ ಹಾಕಿದ ಕಾಗದ. ಹುದ್ದೆ ಬಿಡುವುದಕ್ಕೆ ಅಲ್ಲಿ ಇಸ್ತೀಫಾ ಎನ್ನುತ್ತಾರೆ. ಕನ್ನಡಕ್ಕೆ ಬರುವಾಗ ಅರ್ಥವೇ ತಿರುಗಿದೆ. ದೊಡ್ಡಮೇಟಿಯವರದು ಕನ್ನಡದ ರಾಜೀನಾಮೆ: ರಾಜಿಯಾಗಲಾರೆ ಎಂಬ ಪತ್ರ. 2019ರಲ್ಲಿ ನಮ್ಮ ಶಾಸಕರು ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟು ಸಮ್ಮಿಶ್ರ ಸರಕಾರವೊಂದು ಉರುಳಿತು. ಅವರಲ್ಲಿ ಹಲವರು ಕೆಲವೇ ತಿಂಗಳಲ್ಲಿ ಬೇರೆ ಪಕ್ಷದಿಂದ ಗೆದ್ದು ಮಂತ್ರಿಗಳಾದರು. ಅವರ ಕಾಗದಗಳಿಗೆ ಉರ್ದುವಿನ ಅರ್ಥವೇ ಹೆಚ್ಚು ಒಪ್ಪುತ್ತದೆ.

1953ರಲ್ಲಿಯೇ ದೊಡ್ಡಮೇಟಿಯವರು ಗದಗಿನ ಕಲಾವಿದ ಸಿ.ಎನ್. ಪಾಟೀಲರಿಂದ ತಮ್ಮ ಮನೆಯ ಗೋಡೆಯ ಮೇಲೆ ಕರ್ನಾಟಕದ ನಕ್ಷೆಯೊಂದಿಗೆ ಭುವನೇಶ್ವರಿಯ ಚಿತ್ರ ಬರೆಸಿದರು. ಸರಕಾರದ ನಕ್ಷೆಯಲ್ಲಿ ಆ ರಾಜ್ಯ ಇನ್ನೂ ಇರಲಿಲ್ಲ. ನಾಡನ್ನು ದೇವಿಯಾಗಿ ಕಾಣುವುದು ಅವರ ನಂಬಿಕೆಯ ರೀತಿ. ನಾಡಿಗೆ ದುಡಿಯುವುದಕ್ಕೆ ನಮಗೆ ನಮ್ಮ ರೀತಿಯಿದೆ. ಆದರೆ ಆ ನಕ್ಷೆಯೊಳಗೆ ಎಲ್ಲರ ಊರುಗಳೂ ಇದ್ದವು. ಮನೆಮಾತು ಬೇರೆಯಾದವರನ್ನು ಕನ್ನಡದ ಹೆಸರಿನಲ್ಲಿ ಹೊರಗಿನವರೆನ್ನುವವರು ಇದನ್ನು ನೆನೆಯಬೇಕು. ನಾಡು ಒಂದಾಗಬೇಕೆಂದು ಉಪವಾಸ ಕುಳಿತವರು ಹಂಚಿಹೋದವರನ್ನು ಕೂಡಿಸಲು ಕುಳಿತಿದ್ದರು.

ಏಕೀಕರಣದ ನಂತರ ದೊಡ್ಡಮೇಟಿಯವರು ಮೈಸೂರು ವಿಧಾನಸಭೆಯಲ್ಲೂ ರೋಣವನ್ನು ಪ್ರತಿನಿಧಿಸಿದರು. 1972ರಲ್ಲಿ ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹೆಸರು ಬರುವುದನ್ನು ಅವರು ನೋಡಲಿಲ್ಲ. ನಾಡು ಕೂಡುವುದನ್ನು ನೋಡಿದರು.