ಒಬ್ಬನೇ ದಲ್ಲಾಳಿ ಇರೋ ಪೇಟೆ

1981ರ ಮಾರ್ಚ್ ತಿಂಗಳು. ನಿಪ್ಪಾಣಿ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿ ಮೇಲೆ ತಂಬಾಕು ಬೆಳೆಗಾರರು ಬಂದು ಕೂತರು. ಒಂದು ದಿನ ಎರಡು ದಿನ ಅಲ್ಲ, ಏಪ್ರಿಲ್ ಬಂದರೂ ಏಳಲಿಲ್ಲ. ಮುಂದೆ ನಿಂತಿದ್ದು ಶೇತ್ಕರಿ ಸಂಘಟನೆಯ ಶರದ್ ಜೋಶಿ. ಕೂತವರಲ್ಲಿ ಕನ್ನಡ ಮಾತಾಡೋರೂ ಇದ್ದರು, ಮರಾಠಿ ಮಾತಾಡೋರೂ ಇದ್ದರು. ಕೊನೆಗೆ ಗೋಲಿಬಾರ್ ಆಯ್ತು. ರೈತರು ಸತ್ತರು.

ಅವರ ಸಿಟ್ಟು ಏನಿತ್ತು ಅಂದ್ರೆ, ತಂಬಾಕು ಬೆಳೆಯೋದು ರೈತ, ಆದರೆ ದರ ಹೇಳೋದು ವ್ಯಾಪಾರಿ. ಇದು ಒಳ್ಳೆ ಮಾಲು, ಇದು ಕೆಟ್ಟ ಮಾಲು ಅಂತ ದರ್ಜೆ ಹಚ್ಚೋದೂ ವ್ಯಾಪಾರಿ. ದುಡ್ಡು ಯಾವಾಗ ಕೊಡಬೇಕು ಅನ್ನೋದೂ ಅವನ ಮರ್ಜಿ. ನಮ್ಮ ಊರು ಚಿಕ್ಕೋಡಿ ತಾಲೂಕಿನದ್ದು. ಈ ಕಥೆಯನ್ನ ನಾನು ಕೇಳಿದ್ದು ನಮ್ಮ ಅಜ್ಜನ ಬಾಯಿಂದ. ಅಜ್ಜ ಕೊನೆಗೆ ಒಂದು ಮಾತು ಸೇರಿಸತಿದ್ದ: "ಪ್ಯಾಟಿಗೆ ಹೋಗು ದಾರಿ ಒಂದ ಇದ್ರ, ಆ ದಾರ್ಯಾಗ ಕುಂತಾಂವನ ರಾಜಾ ನೋಡಪಾ."

ನಾನು ಮುಂದೆ ಎಂಜಿನಿಯರಿಂಗ್ ಓದಿದೆ. ಸರ್ಚ್ ಎಂಜಿನ್ ಹೇಗೆ ಕೆಲಸ ಮಾಡುತ್ತೆ ಅಂತ ಪಾಠ ಕೇಳಿದೆ. ಕೋಟ್ಯಂತರ ಪುಟಗಳನ್ನ ಒಂದು ಯಂತ್ರ ಓದುತ್ತೆ, ಪಟ್ಟಿ ಮಾಡಿ ಇಟ್ಟುಕೊಳ್ಳುತ್ತೆ, ನೀವು ಕೇಳಿದಾಗ ಯಾವುದು ಮೇಲೆ, ಯಾವುದು ಕೆಳಗೆ ಅಂತ ದರ್ಜೆ ಹಚ್ಚಿ ಕೊಡುತ್ತೆ. ಅವತ್ತು ನನಗೆ ನೆನಪಾಗಿದ್ದು ನಿಪ್ಪಾಣಿಯ ವಖಾರಿ. ಇದೂ ದರ್ಜೆ ಹಚ್ಚೋ ವ್ಯಾಪಾರವೇ. ಮಾಲು ಮಾತ್ರ ಬೇರೆ.

ಈ ವ್ಯಾಪಾರದಲ್ಲಿ ಒಬ್ಬನೇ ದಲ್ಲಾಳಿ ಉಳಿದರೆ ಏನಾಗುತ್ತೆ? ಆ ದಲ್ಲಾಳಿ ಹಿಂದೆ ಸರ್ಕಾರ ನಿಂತರೆ ಏನಾಗುತ್ತೆ? ಇದಕ್ಕೆ ಉತ್ತರ ಬೇಕು ಅಂದ್ರೆ ಚೀನಾದ ಕಥೆ ನೋಡಬೇಕು.

ರಾಬಿನ್ ಲೀ ಅನ್ನೋ ಒಬ್ಬ ಚೀನೀ ಎಂಜಿನಿಯರ್. ಅಮೆರಿಕದಲ್ಲಿ ಓದಿದವನು. 1996ರಲ್ಲೇ, ಅಂದ್ರೆ ಗೂಗಲ್ ಕಂಪನಿ ಹುಟ್ಟೋಕೂ ಮುಂಚೆ, ಒಂದು ಪುಟಕ್ಕೆ ಎಷ್ಟು ಬೇರೆ ಪುಟಗಳು ಕೊಂಡಿ ಹಾಕಿವೆ ಅನ್ನೋದನ್ನ ಲೆಕ್ಕ ಹಾಕಿ ದರ್ಜೆ ಹಚ್ಚೋ ವಿಧಾನವನ್ನ ಕಂಡುಹಿಡಿದಿದ್ದ. 2000ದ ಜನವರಿಯಲ್ಲಿ ಬೀಜಿಂಗ್‌ಗೆ ವಾಪಸ್ ಹೋಗಿ ಗೆಳೆಯನ ಜೊತೆ ಬೈದು ಅನ್ನೋ ಕಂಪನಿ ಶುರು ಮಾಡಿದ. 2005ರ ಆಗಸ್ಟ್‌ನಲ್ಲಿ ಅದು ಅಮೆರಿಕದ ನಾಸ್ಡಾಕ್ ಷೇರುಪೇಟೆಗೆ ಬಂತು. 27 ಡಾಲರ್‌ಗೆ ಕೊಟ್ಟ ಷೇರು ಮೊದಲ ದಿನವೇ 122 ಡಾಲರ್ ದಾಟಿ ಮುಗಿಯಿತು. ತಮಾಷೆ ಅಂದ್ರೆ, ಆಗ ಬೈದುವಿನಲ್ಲಿ ಗೂಗಲ್‌ನದ್ದೂ ಸಣ್ಣ ಪಾಲಿತ್ತು. 2006ರಲ್ಲಿ ಅದನ್ನ ಮಾರಿ ಹೊರಬಂತು. ಯಾಕಂದ್ರೆ ಅಷ್ಟರಲ್ಲಿ ಗೂಗಲ್ ತಾನೇ ಚೀನಾಕ್ಕೆ ಇಳಿದಿತ್ತು.

ಇಳಿದಿದ್ದು ಹೇಗೆ? ಅಲ್ಲೇ ಇರೋದು ವಿಷಯ. ಅದಕ್ಕೂ ಮುಂಚೆ ಗೂಗಲ್ ಅಮೆರಿಕದಿಂದಲೇ ಚೀನೀ ಭಾಷೆಯಲ್ಲಿ ಸೇವೆ ಕೊಡುತ್ತಿತ್ತು. 2002ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಏಕಾಏಕಿ ಅದು ಚೀನಾದಲ್ಲಿ ತೆರೆಯದೇ ಹೋಯ್ತು. ಗೂಗಲ್ ಅಂತ ಒತ್ತಿದವರು ಸ್ಥಳೀಯ ಸರ್ಚ್ ಎಂಜಿನ್‌ಗಳ ಪುಟಕ್ಕೆ ಹೋಗಿ ಬೀಳುತ್ತಿದ್ದರು. ದೇಶದ ಗಡಿಯಲ್ಲೇ ಅಂತರ್ಜಾಲವನ್ನ ಸೋಸೋ ವ್ಯವಸ್ಥೆಯನ್ನ ಚೀನಾ ಕಟ್ಟಿಕೊಂಡಿತ್ತು. ಹೊರಗಿದ್ದು ಬಂದರೆ ಗೋಡೆ ಅಡ್ಡ ಬರುತ್ತೆ. ಒಳಗೆ ಬಂದರೆ ಗೋಡೆಯ ಕೆಲಸವನ್ನ ನೀನೇ ಮಾಡಬೇಕು. ಕೊಟ್ಟಿದ್ದ ಆಯ್ಕೆ ಇಷ್ಟೇ.

2006ರ ಜನವರಿಯಲ್ಲಿ ಗೂಗಲ್ ಎರಡನೇದನ್ನ ಆರಿಸಿಕೊಂಡಿತು. ಚೀನಾಕ್ಕೇ ಬೇರೆ ಸರ್ಚ್ ಎಂಜಿನ್ ತಂತು. ಅದರಲ್ಲಿ ತಿಯಾನನ್‌ಮೆನ್ ಚೌಕದ ಚಿತ್ರ ಹುಡುಕಿದರೆ ಪ್ರವಾಸಿಗಳ ನಗುಮುಖ ಬರುತ್ತಿತ್ತು. ಹೊರಗಿನ ಗೂಗಲ್‌ನಲ್ಲಿ ಅದೇ ಹೆಸರು ಹುಡುಕಿದರೆ 1989ರ ಟ್ಯಾಂಕುಗಳು ಬರುತ್ತಿದ್ದವು. ಒಂದೇ ಚೌಕ, ಎರಡು ಇತಿಹಾಸ. ಗೂಗಲ್ ಪುಟದ ಕೆಳಗೆ "ಸ್ಥಳೀಯ ಕಾನೂನಿನಂತೆ ಕೆಲವು ಫಲಿತಾಂಶ ತೆಗೆಯಲಾಗಿದೆ" ಅನ್ನೋ ಅರ್ಥದ ಒಂದು ಸಾಲು ಹಾಕುತ್ತಿತ್ತು. ಆ ಸಾಲು ಸಣ್ಣದಲ್ಲ. ಇಲ್ಲಿ ಏನೋ ಇತ್ತು, ಈಗ ಇಲ್ಲ ಅಂತ ಜನರಿಗೆ ಗೊತ್ತಾಗೋದಕ್ಕೆ ಅದೊಂದೇ ಗುರುತು.

ಆದರೆ ಫಲಿತಾಂಶ ತೆಗೆಯೋದು ಮೊದಲ ಮೆಟ್ಟಿಲು ಅಷ್ಟೇ. 2004ರಲ್ಲಿ ಶಿ ತಾವ್ ಅನ್ನೋ ಪತ್ರಕರ್ತ ಒಂದು ಇಮೇಲ್ ಕಳಿಸಿದ. ತಿಯಾನನ್‌ಮೆನ್ ಘಟನೆಗೆ 15 ವರ್ಷ ತುಂಬೋ ಹೊತ್ತಿನಲ್ಲಿ ಪತ್ರಿಕೆಗಳು ಏನು ಬರೆಯಬಾರದು ಅಂತ ಬಂದಿದ್ದ ಸೂಚನೆಯ ಸಾರಾಂಶ ಅದರಲ್ಲಿತ್ತು. ಖಾತೆ ಯಾಹೂದು. ಸರ್ಕಾರ ಕೇಳಿತು, ಯಾಹೂ ವಿವರ ಕೊಟ್ಟಿತು. 2005ರಲ್ಲಿ ಅವನಿಗೆ ಹತ್ತು ವರ್ಷ ಜೈಲು. 2007ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಯಾಹೂ ಮುಖ್ಯಸ್ಥ ಜೆರ್ರಿ ಯಾಂಗ್, ಅಲ್ಲಿ ಕೂತಿದ್ದ ಶಿ ತಾವ್‌ನ ತಾಯಿಗೆ ತಲೆಬಾಗಿ ಕ್ಷಮೆ ಕೇಳಬೇಕಾಯ್ತು. ಮಗ ಹೊರಗೆ ಬಂದಿದ್ದು 2013ರಲ್ಲಿ.

ಗೂಗಲ್‌ನ ಸರದಿ 2010ಕ್ಕೆ ಬಂತು. ಜನವರಿ 12ರಂದು ಅದು ಒಂದು ಹೇಳಿಕೆ ಕೊಟ್ಟಿತು. ಚೀನಾದಿಂದ ತನ್ನ ಮೇಲೆ ಸೈಬರ್ ದಾಳಿ ಆಗಿದೆ, ಮಾನವ ಹಕ್ಕು ಹೋರಾಟಗಾರರ ಖಾತೆಗಳೇ ಗುರಿ, ಇನ್ನು ಮುಂದೆ ಫಲಿತಾಂಶ ಸೋಸಲ್ಲ ಅಂತ. ಬೀಜಿಂಗ್‌ನ ಗೂಗಲ್ ಕಚೇರಿ ಮುಂದೆ ಚೀನೀ ಜನ ಬಂದು ಹೂವು ಇಟ್ಟು ಹೋದರು. ಮಾರ್ಚ್‌ನಲ್ಲಿ ಗೂಗಲ್ ತನ್ನ ಸರ್ಚನ್ನ ಹಾಂಗ್‌ಕಾಂಗ್‌ಗೆ ತಿರುಗಿಸಿತು. ಆ ಹೊತ್ತಿಗೆ ಚೀನಾದ ಹುಡುಕಾಟದಲ್ಲಿ ಸುಮಾರು ಮೂರನೇ ಒಂದು ಪಾಲು ಅದರದ್ದಿತ್ತು. ಆ ಪಾಲು ಕರಗಿ ಹೋಯ್ತು. ಪೇಟೆ ಬಹುಪಾಲು ಬೈದು ಕೈಗೆ ಸೇರಿತು.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ಅದೇ 2010. ನಾನಾಗ ವಿದ್ಯಾರ್ಥಿ. ಬೆಂಗಳೂರಲ್ಲಿ ಗುರೂಜಿ ಡಾಟ್ ಕಾಮ್ ಅಂತ ಒಂದು ಸರ್ಚ್ ಎಂಜಿನ್ ಇತ್ತು, ನೆನಪಿದೆಯಾ? ಐಐಟಿಯಲ್ಲಿ ಓದಿದ ಹುಡುಗರು 2006ರಲ್ಲಿ ಶುರು ಮಾಡಿದ್ದು. ಕನ್ನಡದಲ್ಲೂ ಹುಡುಕಬಹುದಿತ್ತು. ಬೈದು ತರಹವೇ ಹಾಡು ಹುಡುಕೋ ಸೌಲಭ್ಯ ಕೊಟ್ಟಿತು, ಜನ ಮುಗಿಬಿದ್ದರು. 2010ರ ಏಪ್ರಿಲ್‌ನಲ್ಲಿ ಸಂಗೀತ ಕಂಪನಿಯೊಂದು ಕೃತಿಸ್ವಾಮ್ಯದ ದೂರು ಕೊಟ್ಟಿತು, ಪೊಲೀಸರು ಗುರೂಜಿ ಮುಖ್ಯಸ್ಥರನ್ನ ಬಂಧಿಸಿದರು. ಮುಂದೆ ಕಂಪನಿ ಬಾಗಿಲು ಹಾಕಿತು.

ಇದೇ ಥರದ ದಾವೆ ಬೈದು ಮೇಲೂ ಇತ್ತು. ಜಗತ್ತಿನ ದೊಡ್ಡ ದೊಡ್ಡ ಸಂಗೀತ ಕಂಪನಿಗಳೇ ಹಾಕಿದ್ದವು. ಅದೇ 2010ರ ಜನವರಿಯಲ್ಲಿ ಬೀಜಿಂಗ್ ನ್ಯಾಯಾಲಯ, ಬರೀ ಕೊಂಡಿ ತೋರಿಸೋದು ತಪ್ಪಲ್ಲ ಅಂತ ಬೈದು ಪರ ತೀರ್ಪು ಕೊಟ್ಟಿತು. ಒಂದೇ ವರ್ಷ, ಒಂದೇ ಥರದ ವ್ಯಾಪಾರ. ಅಲ್ಲಿ ಕೋರ್ಟಿನಲ್ಲಿ ಗೆಲುವು, ಇಲ್ಲಿ ಪೊಲೀಸ್ ಠಾಣೆ. ಹಾಡಿನ ಒಡೆತನ ಇರೋರಿಗೆ ಅನ್ಯಾಯ ಆಗಲಿ ಅಂತ ನಾನು ಹೇಳ್ತಿಲ್ಲ. ಆದರೆ ಬೈದು ಬರೀ ಬುದ್ಧಿವಂತಿಕೆಯಿಂದ ಬೆಳೆಯಿತು ಅನ್ನೋರೂ, ಬರೀ ಗೋಡೆಯಿಂದ ಬೆಳೆಯಿತು ಅನ್ನೋರೂ ಅರ್ಧ ಕಥೆ ಮಾತ್ರ ಹೇಳ್ತಿದ್ದಾರೆ.

ಸರಿ, ಪ್ರತಿಸ್ಪರ್ಧಿ ಹೋದ. ಚೀನಾದ ಜನಸಾಮಾನ್ಯನಿಗೆ ಏನಾಯ್ತು? ರಾಜಕೀಯ ಬೇಡ ಅನ್ನೋನಿಗೆ ಇದರಿಂದ ಏನು ನಷ್ಟ?

21 ವರ್ಷದ ಒಬ್ಬ ಹುಡುಗ. ಕಂಪ್ಯೂಟರ್ ಓದುತ್ತಿದ್ದ. ಅಪರೂಪದ ಕ್ಯಾನ್ಸರ್ ಬಂತು. ಬೈದುವಿನಲ್ಲಿ ಹುಡುಕಿದ. ಮೇಲ್ಗಡೆ ಬಂದ ಬೀಜಿಂಗ್ ಆಸ್ಪತ್ರೆಯೊಂದಕ್ಕೆ ಹೋದರು. ಸಾಲ ಸೋಲ ಮಾಡಿ ಮನೆಯವರು ದುಡ್ಡು ಸುರಿದರು. ಆ ಚಿಕಿತ್ಸೆ ಕೆಲಸ ಮಾಡಲಿಲ್ಲ. ಆ ಫಲಿತಾಂಶ ಮೇಲೆ ಬಂದಿದ್ದು ಒಳ್ಳೆ ಆಸ್ಪತ್ರೆ ಅಂತಲ್ಲ, ದುಡ್ಡು ಕೊಟ್ಟಿದ್ದಕ್ಕೆ ಅಂತ ಹುಡುಗನಿಗೆ ಗೊತ್ತಾಗೋ ಹೊತ್ತಿಗೆ ತಡವಾಗಿತ್ತು. ತನ್ನ ಅನುಭವ ಬರೆದಿಟ್ಟ. 2016ರ ಏಪ್ರಿಲ್‌ನಲ್ಲಿ ತೀರಿಕೊಂಡ. ಇಡೀ ಚೀನಾ ಕೆರಳಿತು. ಬರೀ ದುಡ್ಡು ನೋಡಿ ದರ್ಜೆ ಹಚ್ಚೋ ಹಾಗಿಲ್ಲ, ಒಂದು ಪುಟದಲ್ಲಿ ಜಾಹೀರಾತು ಶೇಕಡಾ 30 ದಾಟಬಾರದು ಅಂತ ಸರ್ಕಾರವೇ ಬೈದುಗೆ ಆದೇಶ ಕೊಡಬೇಕಾಯ್ತು.

ಬೈದು ಬಿಟ್ಟರೆ ಅಲ್ಲಿ ಬೇರೆ ಸರ್ಚ್ ಎಂಜಿನ್ ಇರಲಿಲ್ಲ ಅಂತಲ್ಲ. ಸೋಗೌ ಇತ್ತು, 360 ಇತ್ತು, ಮೈಕ್ರೋಸಾಫ್ಟ್‌ನ ಬಿಂಗ್ ಕೂಡ ಇತ್ತು. ಎಲ್ಲವೂ ಅದೇ ಗೋಡೆಯೊಳಗೆ, ಅದೇ ನಿಯಮಕ್ಕೆ ತಲೆಬಾಗಿ. ಅಂಗಡಿ ನಾಲ್ಕಿದ್ದರೂ ತಕ್ಕಡಿ ಒಂದೇ ಆದರೆ ಅದನ್ನ ಸ್ಪರ್ಧೆ ಅಂತ ಹೇಗೆ ಕರೆಯೋದು? ಗೂಗಲ್‌ಗೂ ಆ ಪೇಟೆಯ ಆಸೆ ಬಿಡಲಿಲ್ಲ. ಸೋಸಿದ ಫಲಿತಾಂಶ ಕೊಡೋ 'ಡ್ರ್ಯಾಗನ್‌ಫ್ಲೈ' ಅನ್ನೋ ಯೋಜನೆ ಗುಟ್ಟಾಗಿ ನಡೀತಿದೆ ಅಂತ 2018ರ ಆಗಸ್ಟ್‌ನಲ್ಲಿ ಬಯಲಾಯ್ತು. ಸುಂದರ್ ಪಿಚೈ ಅವರಿಗೆ ಅವರದೇ ಉದ್ಯೋಗಿಗಳು ತಿರುಗಿಬಿದ್ದರು. 2019ರಲ್ಲಿ ಯೋಜನೆ ಕೈಬಿಟ್ಟಿದ್ದೇವೆ ಅಂತ ಕಂಪನಿ ಒಪ್ಪಿಕೊಂಡಿತು. 2010ರಲ್ಲಿ ತತ್ವ ಹೇಳಿ ಹೊರಬಂದ ಕಂಪನಿ ಇದೇ ನೋಡಿ.

ಇದೆಲ್ಲ ಚೀನಾದ ಪಾಡು, ನಮಗೇನು ಅಂತೀರಾ? ನಮ್ಮಲ್ಲಿ ಗೋಡೆ ಇಲ್ಲ, ನಿಜ. ಆದರೆ ನಮ್ಮಲ್ಲೂ ದಲ್ಲಾಳಿ ಹೆಚ್ಚುಕಡಿಮೆ ಒಬ್ಬನೇ. ಹುಡುಕಾಟದಲ್ಲಿ ಪಕ್ಷಪಾತ ಮಾಡಿದ್ದಕ್ಕೆ 2018ರಲ್ಲಿ ಭಾರತದ ಸ್ಪರ್ಧಾ ಆಯೋಗ ಗೂಗಲ್‌ಗೆ 135.86 ಕೋಟಿ ದಂಡ ಹಾಕಿತು. 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ಫೋನ್‌ಗಳ ವಿಷಯಕ್ಕೆ 1,337.76 ಕೋಟಿ.

2021ರ ಜೂನ್ ನೆನಪು ಮಾಡಿಕೊಳ್ಳಿ. ಭಾರತದ ಅತಿ ಕುರೂಪ ಭಾಷೆ ಯಾವುದು ಅಂತ ಕೇಳಿದರೆ ಗೂಗಲ್ ಕನ್ನಡದ ಹೆಸರು ತೋರಿಸಿತು. ಯಾವುದೋ ಪುಟದಲ್ಲಿದ್ದ ಸಾಲನ್ನ ಎತ್ತಿ ಉತ್ತರ ಅಂತ ಮೇಲೆ ಕೂರಿಸಿತ್ತು. ನಾಡೇ ಸಿಡಿದೆದ್ದಿತು. ಸಚಿವರಾಗಿದ್ದ ಅರವಿಂದ ಲಿಂಬಾವಳಿ ನೋಟಿಸ್ ಕೊಡ್ತೀವಿ ಅಂದರು. ಗೂಗಲ್ ಕ್ಷಮೆ ಕೇಳಿ ತೆಗೆದುಹಾಕಿತು. ನಾನೂ ಸಿಟ್ಟಾಗಿದ್ದೆ. ಮರಾಠಿ-ಕನ್ನಡ ಎರಡೂ ಒಲೆ ಉರಿಯೋ ಗಡಿಯಲ್ಲಿ ಹುಟ್ಟಿದವನಿಗೆ ಅದು ತಾಗದೇ ಇರುತ್ತಾ? ಆದರೆ ಸಿಟ್ಟು ಇಳಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ನಾವು ಕೂಗಿದ್ದಕ್ಕೆ ತೆಗೆಯೋನು, ಇನ್ಯಾರೋ ಪಿಸುಗುಟ್ಟಿದರೂ ತೆಗೀತಾನೆ. ಕೂಗಿದ್ದು ಎಲ್ಲರಿಗೂ ಕೇಳಿಸಿತು. ಪಿಸುಗುಟ್ಟಿದ್ದು ಕೇಳುತ್ತಾ?

2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್ ನಿಷೇಧಿಸಿತು. ಬೈದುವಿನ ಆ್ಯಪ್‌ಗಳೂ ಆ ಪಟ್ಟಿಯಲ್ಲಿದ್ದವು. ಗಡಿಯಲ್ಲಿ ನಮ್ಮ ಯೋಧರು ಹುತಾತ್ಮರಾಗಿದ್ದ ಹೊತ್ತು, ಯಾರೂ ಮರುಪ್ರಶ್ನೆ ಕೇಳಲಿಲ್ಲ. ಆದರೆ ಅದಕ್ಕೆ ಬಳಸಿದ 69ಎ ಕಲಂ ಮುಂದೆ ಬೇರೆ ಕಡೆಯೂ ಬಂತು. ಅದರಡಿ ಬಂದ ಆದೇಶಗಳ ವಿರುದ್ಧ ಟ್ವಿಟರ್ ಕರ್ನಾಟಕ ಹೈಕೋರ್ಟ್‌ಗೆ ಹೋಯ್ತು. 2023ರ ಜೂನ್ 30ರಂದು ಅರ್ಜಿ ವಜಾ, ಜೊತೆಗೆ 50 ಲಕ್ಷ ದಂಡ. 'ಸಹಯೋಗ' ಪೋರ್ಟಲ್ ಮೂಲಕ ತೆಗೆಯಿರಿ ಅಂತ ಹೇಳೋ ವ್ಯವಸ್ಥೆಯನ್ನ ಎಕ್ಸ್ ಪ್ರಶ್ನಿಸಿತು. 2025ರ ಸೆಪ್ಟೆಂಬರ್ 24ರಂದು ಅದೂ ವಜಾ ಆಯ್ತು. ಮೇಲ್ಮನವಿಗೆ ಹೋಗ್ತೀವಿ ಅಂತ ಕಂಪನಿ ಹೇಳಿತು. ದ್ವೇಷದ ವಿಡಿಯೋ, ಮಕ್ಕಳಿಗೆ ಹಿಂಸೆ ಮಾಡೋ ವಿಡಿಯೋ ತೆಗೆಯಲೇಬೇಕು, ಎರಡು ಮಾತಿಲ್ಲ. ನನ್ನ ಬೇಡಿಕೆ ಒಂದೇ. ತೆಗೆದ ಜಾಗದಲ್ಲಿ ತೆಗೆದಿದ್ದೇವೆ ಅಂತ ಬರೆಯಿರಿ. ಯಾರು ತೆಗೆಸಿದ್ದು, ಯಾವ ಕಲಂ ಅಡಿ ಅಂತ ಬರೆಯಿರಿ. 2006ರ ಚೀನಾದಲ್ಲಿ ಗೂಗಲ್ ಹಾಕುತ್ತಿದ್ದ ಆ ಒಂದು ಸಾಲು ಪ್ರಜಾಪ್ರಭುತ್ವದಲ್ಲಿ ಕೇಳಿದರೆ ಜಾಸ್ತಿ ಆಗುತ್ತಾ?

ಕೊನೆಗೆ ಒಂದು ಮನೆಮಾತು. ಕಾಗವಾಡ ಕಡೆಯ ನಮ್ಮ ಬಂಧು ಒಬ್ಬರ ಮಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಅಪ್ಪನಿಗೆ ಬಾಯಲ್ಲಿ ಹುಣ್ಣು, ವಾಸಿಯಾಗ್ತಿಲ್ಲ. ವರ್ಷಗಟ್ಟಲೆ ತಂಬಾಕು ತಿಂದ ಬಾಯಿ. "ಅಣ್ಣಾ, ಫೋನಿನ್ಯಾಗ ಹುಡುಕೇನಿ, ಆಪರೇಷನ್ ಇಲ್ದ ಗುಣ ಮಾಡ್ತಾರಂತ, ಮ್ಯಾಲೇ ಬಂದೈತಿ, ನಾಳೆ ಹೊಂಟೀವಿ" ಅಂದ. ಸ್ಕ್ರೀನ್‌ಶಾಟ್ ಕಳಿಸು ಅಂದೆ. ಮೇಲೆ ಬಂದಿದ್ದರ ಪಕ್ಕ ಸಣ್ಣ ಅಕ್ಷರದಲ್ಲಿ 'ಪ್ರಾಯೋಜಿತ' ಅಂತಿತ್ತು. ಆ ಪದ ಅವನಿಗೆ ಕಂಡೇ ಇರಲಿಲ್ಲ. ಕಂಡಿದ್ದರೂ ಅರ್ಥ ಗೊತ್ತಿರಲಿಲ್ಲ. "ದುಡ್ಡು ಕೊಟ್ಟು ಮ್ಯಾಲೆ ಕೂತಾರ, ಅಷ್ಟ" ಅಂತ ಹೇಳಿದೆ. ಅಥಣಿ, ರಾಯಬಾಗ, ಕಾಗವಾಡದ ಜನ ತಲೆತಲಾಂತರದಿಂದ ದೊಡ್ಡ ಕಾಯಿಲೆಗೆ ಹೋಗೋದು ಮೀರಜ್‌ಗೆ. ಅಲ್ಲೇ ಪರಿಚಯದ ವೈದ್ಯರ ಹತ್ತಿರ ಮೊದಲು ತುಣುಕು ತೆಗೆದು ಪರೀಕ್ಷೆ ಮಾಡಿಸಿ ಅಂದೆ. ಹೋದರು. ಈಗ ಚಿಕಿತ್ಸೆ ನಡೀತಿದೆ.

ಫೋನ್ ಇಟ್ಟ ಮೇಲೆ ಆ ಚೀನೀ ಹುಡುಗ ನೆನಪಾದ. ಅವನೂ ನನ್ನ ಹಾಗೆ ಕಂಪ್ಯೂಟರ್ ಗೊತ್ತಿದ್ದವನೇ. ಅವನಿಗೇ ಗೊತ್ತಾಗಲಿಲ್ಲ. ನಿಪ್ಪಾಣಿ ರೈತನಿಗೆ ಕನಿಷ್ಠ ವ್ಯಾಪಾರಿಯ ಮುಖ ಕಾಣುತ್ತಿತ್ತು, ದರ ಕಡಿಮೆ ಅಂತ ಗೊತ್ತಿತ್ತು, ಹೆದ್ದಾರಿಯಲ್ಲಿ ಕೂರೋದಕ್ಕೆ ಜಾಗ ಇತ್ತು. ನಮ್ಮ ಅಂಗೈಯಲ್ಲಿರೋ ಈ ಪೇಟೆಯಲ್ಲಿ ಕೂತ ದಲ್ಲಾಳಿಯ ಮುಖವೇ ಕಾಣಲ್ಲ. ಅವನು ತೋರಿಸಿದ್ದು ಕಾಣುತ್ತೆ, ತೋರಿಸದೇ ಇರೋದು ಇತ್ತು ಅನ್ನೋದೂ ತಿಳಿಯಲ್ಲ.

ಹಾಗಾಗಿ ಇವತ್ತು ಏನಾದರೂ ಹುಡುಕುವಾಗ ಮೊದಲು ಬಂದದ್ದನ್ನ ಒತ್ತೋ ಮುಂಚೆ ಅರೆ ಕ್ಷಣ ನಿಲ್ಲಿ. ಇದು ಮೇಲೆ ಯಾಕೆ ಬಂತು ಅಂತ ಒಮ್ಮೆ ಕೇಳಿ. ಟಿವಿಯಲ್ಲಿ ನಾವು ಹೇಳೋದನ್ನೂ ಸೇರಿಸಿಕೊಂಡೇ ಕೇಳಿ.