ಗುಮ್ಮಟದ ದಾರಿ ಮುಂಬಯಿತನಕ

ಜತ್ತ ತಾಲೂಕಿನ ಮಕ್ಕಳಿಗೆ ಮುಂಬಯಿಯ ದೊಡ್ಡ ಮ್ಯೂಸಿಯಂ ತೋರಿಸಬೇಕೆಂದರೆ ಮೊದಲು ಅವರನ್ನು ವಿಜಯಪುರಕ್ಕೆ ಒಯ್ಯಬೇಕು. ಮುಂಬಯಿ ಇರುವುದು ಪಡುವಣಕ್ಕೆ, ನಾನು ಕಳಿಸುವುದು ಮೂಡಣಕ್ಕೆ. ಈ ಉಲ್ಟಾ ದಾರಿ ಕೇಳಿ ತರುಣ ಶಿಕ್ಷಕರು ನಗುತ್ತಾರೆ. ಉಮದಿ, ಸಂಖ ಭಾಗದ ಕನ್ನಡ ಶಾಲೆಗಳಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಸಹಲಿನ ಯೋಜನೆ ಹಾಕುವಾಗ ಈಗಲೂ ಯಾರಾದರೊಬ್ಬರು ಮನೆಗೆ ಬಂದು, "ಗುರುಗಳ, ಮುಂಬೈದಾಗ ಏನೇನ್ ತೋರಸ್ಬೇಕ್ರಿ?" ಅನ್ನುತ್ತಾರೆ. "ಮುಂಬೈದ್ದು ಆಮ್ಯಾಲ. ಮೊದಲ ಗೋಳಗುಮ್ಮಟದಾಗ ನಿಂತು ಮ್ಯಾಲ ನೋಡಿ ಬರ್ರಿ" ಎಂಬುದೇ ನನ್ನ ಉತ್ತರ.

ಗೋಳಗುಮ್ಮಟಕ್ಕೆ ಹೋದವರೆಲ್ಲ ಮೇಲೆ ಹತ್ತಿ ಕೂಗು ಹಾಕಿ, ಪ್ರತಿಧ್ವನಿ ಎಣಿಸಿ ಇಳಿದುಬಿಡುತ್ತಾರೆ. ಗುಮ್ಮಟ ಯಾವುದರ ಮೇಲೆ ನಿಂತಿದೆ ಎಂದು ನೋಡುವವರು ಕಡಿಮೆ. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡು, ನಡುವೆ ಒಂದೂ ಕಂಬವಿಲ್ಲ. ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುತ್ತ, ಒಳಕ್ಕೆ ವಾಲುತ್ತ ಮೇಲೇಳುತ್ತವೆ. ಹೀಗೆ ಚೌಕ ಮೊದಲು ಎಂಟು ಮೂಲೆಯಾಗುತ್ತದೆ, ಆಮೇಲೆ ದುಂಡಗಾಗಿ ಗುಮ್ಮಟದ ಬುಡಕ್ಕೆ ಜಾಗ ಮಾಡಿಕೊಡುತ್ತದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋರಿ ಇದು. ಎರಡೂವರೆ ಶತಮಾನ ಕಳೆದ ಮೇಲೆ ಮುಂಬಯಿಯ ಮ್ಯೂಸಿಯಮ್ಮಿಗೆ ನಕ್ಷೆ ಹಾಕಿದ ಜಾರ್ಜ್ ವಿಟೆಟ್, ಅಲ್ಲಿಯ ಗುಮ್ಮಟದ ಒಳಗಿನ ಕಮಾನುಗಳಿಗೆ ಮಾದರಿ ಹಿಡಿದದ್ದು ಇವನ್ನೇ. ಕಲ್ಲು ಮಾತ್ರ ಕುರ್ಲಾದ ಬೂದು, ಮಲಾಡದ ಹಳದಿ. 1905ರ ನವೆಂಬರ್ 11ರಂದು ಅಡಿಗಲ್ಲು ಬಿತ್ತು. ಮೊದಲ ಮಹಾಯುದ್ಧದ ಕಾಲಕ್ಕೆ ಅದೇ ಕಟ್ಟಡ ಸೈನಿಕರ ಆಸ್ಪತ್ರೆಯಾಯಿತು. ಜನರಿಗೆ ಬಾಗಿಲು ತೆರೆದದ್ದು 1922ರ ಜನವರಿ 10ಕ್ಕೆ, ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂಬ ಹೆಸರಿನಲ್ಲಿ. ಈಗಿನ ಹೆಸರು ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ.

ವಿಜಾಪುರದ ಕಮಾನು ಮುಂಬಯಿಗೆ ಹೋದ ದಾರಿಯಲ್ಲೇ ನಮ್ಮ ತಾಲೂಕಿನ ಕಥೆಯೂ ಇದೆ. ಜತ್ತ ಡಫಳೆ ಮನೆತನದ ಸಂಸ್ಥಾನ. ಡಫಳಾಪುರದ ಪಾಟೀಲಕಿಯಿಂದ ಮೇಲೆ ಬಂದ ಈ ಮನೆತನಕ್ಕೆ ದೇಶಮುಖಿ ಸಿಕ್ಕಿದ್ದು ಆದಿಲ್‌ಶಾಹಿಯಿಂದ. ಮುಂದೆ ಅವರು ಸಾತಾರಾ ಛತ್ರಪತಿಗಳ ಜಹಾಗೀರದಾರರಾದರು. 1848ರಲ್ಲಿ ಸಾತಾರಾದ ರಾಜ ತೀರಿಕೊಂಡ. ದತ್ತಕವನ್ನು ಇಂಗ್ಲಿಷರು ಒಪ್ಪಲಿಲ್ಲ. ಸಾತಾರಾ ಹೋಯಿತು, ಅದರ ಜಹಾಗೀರುಗಳು ಕಂಪನಿಯ ಕೈಕೆಳಗೆ ಬಂದವು. ಮುಂದೆ ಬಿಜಾಪುರದ ಕಲೆಕ್ಟರನೇ ಜತ್ತಕ್ಕೂ ಡಫಳಾಪುರಕ್ಕೂ ಪೊಲಿಟಿಕಲ್ ಏಜೆಂಟನಾದ. ಅವನ ಮೇಲೆ ಮುಂಬಯಿ ಸರಕಾರ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಬಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಮುಂಬಯಿಯಲ್ಲೇ ಉಳಿಯಿತು.

ಅದೇ ಕಲೆಕ್ಟರನ ಜಿಲ್ಲೆಯಲ್ಲಿ ಐಹೊಳೆಯೂ ಇತ್ತು. ಆದ್ದರಿಂದಲೇ ಬಾದಾಮಿ ಚಾಲುಕ್ಯರ ಕಾಲದ ಗುಡಿಯೊಂದರ ಛತ್ತಿನ ಕಲ್ಲುಗಳನ್ನು ನೋಡಲು ಇಂದು ಮುಂಬಯಿಗೆ ಹೋಗಬೇಕು. ಅವುಗಳಲ್ಲಿ ಬ್ರಹ್ಮನ ಕಲ್ಲನ್ನು ಮಕ್ಕಳಿಗೆ ಬಿಡದೆ ತೋರಿಸಿರಿ. ಮೂರು ಮುಖ ಕಾಣುತ್ತವೆ, ಸುತ್ತ ಋಷಿಗಳಿದ್ದಾರೆ. ಶಿಲ್ಪಿ ಇದನ್ನು ಕಡೆದದ್ದು ಕತ್ತು ಎತ್ತಿ ನೋಡುವವರಿಗಾಗಿ; ಮ್ಯೂಸಿಯಮ್ಮಿನಲ್ಲಿ ನಾವು ನೋಡುವುದು ಎದುರಿಗೆ ನಿಂತು. ಗುಡಿಯ ಮಬ್ಬುಗತ್ತಲೆಯಲ್ಲಿ, ತಲೆಯ ಮೇಲೆ, ಇದೇ ಕಲ್ಲು ಹೇಗೆ ಕಂಡಿದ್ದೀತು ಎಂದು ಕೇಳಿದರೆ ಮಕ್ಕಳು ತಾವಾಗಿಯೇ ನೆಲಕ್ಕೆ ಕೂತು ಮೇಲೆ ನೋಡುತ್ತಾರೆ. ಐಹೊಳೆಯ ಹುಚ್ಚಪ್ಪಯ್ಯ ಮಠದ ಛತ್ತಿನಲ್ಲಿ ಇಂಥ ಕಲ್ಲುಗಳು ಇನ್ನೂ ಇದ್ದಲ್ಲೇ ಇವೆ. ಎರಡನ್ನೂ ನೋಡಿದವರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಪಾಲಕರ ಸಭೆಯಲ್ಲಿ ಒಬ್ಬ ತಾಯಿ ಕೇಳಿದ್ದುಂಟು: "ನಮ್ಮ ಕಡೀ ಕಲ್ಲ ನೋಡಾಕ ಅಷ್ಟ್ ದೂರ ಯಾಕ್ ಹೋಗ್ಬೇಕ್ರಿ ಗುರುಗಳ?" ಸರಿಯಾದ ಪ್ರಶ್ನೆ. ಸರಕಾರದ ಕಚೇರಿ ಯಾವ ಊರಲ್ಲಿತ್ತೋ ಬೆಲೆಬಾಳುವ ವಸ್ತು ಆ ಊರಿಗೆ ಹೋಯಿತು. ಬಿಜಾಪುರದ ಅಸರ್ ಮಹಲಿನಲ್ಲಿದ್ದ ಹಸ್ತಪ್ರತಿಗಳು ಕಂಪನಿಯ ಕಾಲದಲ್ಲಿ ಲಂಡನ್ನಿಗೇ ಹೋದವು. 1570ರಲ್ಲಿ ಬಿಜಾಪುರದಲ್ಲಿ ಸಿದ್ಧವಾದ ಚಿತ್ರಗಳ ಗ್ರಂಥ 'ನುಜೂಮ್ ಅಲ್ ಉಲೂಮ್' ಈಗ ಐರ್ಲೆಂಡಿನ ಡಬ್ಲಿನ್ನಿನಲ್ಲಿದೆ. ಊರಲ್ಲಿ ಉಳಿದವುಗಳ ಪೈಕಿ ಶಾಸನ, ರತ್ನಗಂಬಳಿ, ಚೀನಿ ಪಿಂಗಾಣಿಗಳನ್ನು ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿ ನೋಡಬಹುದು. ಆ ಮ್ಯೂಸಿಯಂ ಶುರುವಾದದ್ದು 1892ರಲ್ಲಿ, ಮುಂಬಯಿಯದಕ್ಕೆ ಅಡಿಗಲ್ಲು ಬೀಳುವ ಮೊದಲು.

ಕಚೇರಿಯ ಹಿಂದೆ ಹೋಗದ ಮ್ಯೂಸಿಯಂ ಒಂದು ನಮ್ಮ ಮಗ್ಗುಲಲ್ಲಿದೆ: ಸಾತಾರಾ ಜಿಲ್ಲೆಯ ಔಂಧ. ಔಂಧವೂ ಜತ್ತದಂತೆ ಸಾತಾರಾದ ಜಹಾಗೀರು. ನಮಗೆ ಹತ್ತಿದ ಆಟಪಾಡಿಯೂ ಬಿಜಾಪುರ ಸೀಮೆಯ ಗುಣದಾಳವೂ ಅದರ ಪಾಲಿಗಿದ್ದವು. ಅಲ್ಲಿಯ ರಾಜ ಭವಾನರಾವ್ ಪಂತಪ್ರತಿನಿಧಿ ತಾನೇ ಚಿತ್ರ ಬರೆಯುವವ, ಸೂರ್ಯನಮಸ್ಕಾರವನ್ನು ಮನೆಮನೆಗೆ ಮುಟ್ಟಿಸಿದವ. ಯಮಾಯಿ ದೇವಿಯ ಗುಡ್ಡದ ಮೇಲೆ 1938ರಲ್ಲಿ ಭವಾನಿ ಮ್ಯೂಸಿಯಂ ಕಟ್ಟಿಸಿ, ರವಿವರ್ಮನ ಚಿತ್ರಗಳ ಜೊತೆ ಇಂಗ್ಲೆಂಡಿನ ಹೆನ್ರಿ ಮೂರ್ ಕಡೆದ ತಾಯಿ‑ಮಗುವಿನ ಶಿಲ್ಪವನ್ನೂ ಇಟ್ಟ. ಲಂಡನ್ನಿನ ಕಲ್ಲು ಮಾಣದೇಶದ ಬದಿಗೆ ಬಂದದ್ದೂ ಹೀಗೆ ಉಂಟು. ಒಬ್ಬ ಅರಸನಿಗೆ ರುಚಿ ಇದ್ದರೆ ದಾರಿ ತಿರುವುಮುರುವು ಆಗಬಲ್ಲದು ಎಂದು ತೋರಿಸಲು ಔಂಧಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಆದ್ದರಿಂದ ನನ್ನ ಯೋಜನೆ ಇಷ್ಟು. ದಸರೆಯ ಮುಂಚೆ ಗೋಳಗುಮ್ಮಟ ಮತ್ತು ನಗಾರಖಾನೆ, ದೀಪಾವಳಿ ಆದಮೇಲೆ ಔಂಧ, ಚಳಿಗಾಲದಲ್ಲಿ ಮುಂಬಯಿ. ಜತ್ತದಿಂದ ಎಸ್‌ಟಿ ಹಿಡಿದು ಮಿರಜ, ಅಲ್ಲಿಂದ ರಾತ್ರಿಯ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್, ಬೆಳಗಾದರೆ ಮುಂಬಯಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಎರಡು ದಿನಕ್ಕೆ ಚಿಂತೆಯಿಲ್ಲ. ಮ್ಯೂಸಿಯಂ ಇಡೀ ಸುತ್ತಿಸಬೇಡಿರಿ, ಮಕ್ಕಳು ಕಾಲು ನೋವೆಂದು ಮಲಗಿಬಿಡುತ್ತಾರೆ. ಗುಮ್ಮಟದ ಕೆಳಗೆ ನಿಲ್ಲಿಸಿ ಕಮಾನು ಎಣಿಸಲು ಹೇಳಿರಿ, ಆಮೇಲೆ ಶಿಲ್ಪಗಳ ದಾಲಾನು, ಅಷ್ಟೇ ಸಾಕು. ಸಮಯ ಉಳಿದರೆ ಮಗ್ಗುಲಿನ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಇವತ್ತಿನ ಚಿತ್ರಕಾರರು ಏನು ಮಾಡುತ್ತಿದ್ದಾರೆ ನೋಡಲಿ.

ಪ್ರತಿ ಮಗುವಿನ ವಹಿಯಲ್ಲಿ ಎರಡು ಕಾಲಂ ಹಾಕಿಸುತ್ತೇನೆ: ವಸ್ತು ಹುಟ್ಟಿದ ಊರು, ಅದು ಊರು ಬಿಟ್ಟಾಗ ಅಲ್ಲಿದ್ದ ಸರಕಾರ. ಮೊದಲನೆಯದನ್ನು ಫಲಕ ನೋಡಿ ಬರೆಯಬಹುದು. ಎರಡನೆಯದಕ್ಕೆ ಮನೆಗೆ ಬಂದು ಇತಿಹಾಸ ಓದಬೇಕು. ಗಡಿಯ ವಾದ ಕೇಳುತ್ತಲೇ ಬೆಳೆಯುವ ಜತ್ತದ ಮಕ್ಕಳಿಗೆ, ಗಡಿ ಎಷ್ಟು ಸಲ ಸರಿದಿದೆ ಎಂದು ಭಾಷಣ ಮಾಡಿ ತಿಳಿಸುವುದಕ್ಕಿಂತ ಆ ಎರಡನೆಯ ಕಾಲಂ ತುಂಬಿಸುವುದು ಲೇಸು.