ಮಣಿಕಟ್ಟಿನ ನರಬಂಧನ ಮತ್ತು ಅದರ ಶಸ್ತ್ರಚಿಕಿತ್ಸೆ: ಒಂದು ಚಾರಿತ್ರಿಕ ಸಮೀಕ್ಷೆ

ಒಂದು ಸತ್ಯವು ವಿದ್ವಾಂಸರ ಕಣ್ಣಿಗೆ ಬಿದ್ದ ದಿನಕ್ಕೂ ಅದು ರೋಗಿಯ ಉಪಯೋಗಕ್ಕೆ ಒದಗಿದ ದಿನಕ್ಕೂ ನಡುವೆ ಬಹುಕಾಲ ಸಂದುಹೋಗುವುದುಂಟು. ಮಣಿಕಟ್ಟಿನಲ್ಲಿ ಅದುಮಿಹೋದ ನರವನ್ನು ಬಿಡಿಸುವ ಶಸ್ತ್ರಚಿಕಿತ್ಸೆಯ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಅಂಗೈಯ ಬುಡದಲ್ಲಿ ಸಣ್ಣ ಮೂಳೆಗಳು ಕಮಾನಿನಂತೆ ಸೇರಿ ಒಂದು ತೋಡನ್ನು ರಚಿಸುತ್ತವೆ. ಗಡುಸಾದ ಅಡ್ಡಪಟ್ಟಿಯೊಂದು ಅದರ ಮೇಲ್ಮುಚ್ಚಳ. ಕಾರ್ಪಲ್ ಟನಲ್ ಎಂದು ಹೆಸರಾದ ಈ ಇಕ್ಕಟ್ಟಿನ ಸುರಂಗದಲ್ಲಿ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಹಾದುಹೋಗುತ್ತವೆ. ರಜ್ಜುಗಳ ಪೊರೆ ಊದಿಕೊಂಡರೆ ಮೂಳೆಯಾಗಲಿ ಪಟ್ಟಿಯಾಗಲಿ ಎಡೆಗೊಡದು. ಮೆತ್ತಗಿರುವ ನರವೇ ನಲುಗಬೇಕಾಗುತ್ತದೆ. ಬೆರಳುಗಳಲ್ಲಿ ಜೋಮು, ನಿದ್ದೆಗೆಡಿಸುವ ರಾತ್ರಿಯ ನೋವು, ಕಡೆಗೆ ಹೆಬ್ಬೆರಳ ಬುಡದ ಮಾಂಸಖಂಡದ ಸೊರಗುವಿಕೆ ಇದರ ಲಕ್ಷಣಗಳು.

1854ರಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ಯಾಗೆಟ್ ಮುಂಗೈ ಮೂಳೆ ಮುರಿದ ರೋಗಿಯೊಬ್ಬನನ್ನು ವರ್ಣಿಸಿದನು. ನರದ ಮೇಲಿನ ಒತ್ತಡ ತಪ್ಪುವಂತೆ ಮಣಿಕಟ್ಟನ್ನು ಕಟ್ಟಿದಾಗ ಅವನ ಬೆರಳುಗಳ ಹುಣ್ಣು ಮಾಯಿತು. ಕೈಯನ್ನು ಬಳಸತೊಡಗಿದೊಡನೆ ಮರುಕಳಿಸಿತು. ಕಾರಣವು ಮಣಿಕಟ್ಟಿನಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿರಲಿಲ್ಲ. 1880ರಲ್ಲಿ ಬಾಸ್ಟನ್ನಿನ ಜೇಮ್ಸ್ ಪಟ್ನಮ್ ರಾತ್ರಿಯ ಜೋಮಿನಿಂದ ಬಳಲುತ್ತಿದ್ದ 37 ಮಂದಿಯ ವೃತ್ತಾಂತವನ್ನು ಪ್ರಕಟಿಸಿದನು. ಆದರೆ ಈ ಎರಡು ವರದಿಗಳ ಸಂಬಂಧವನ್ನು ಅಂದು ಯಾರೂ ಗುರುತಿಸಲಿಲ್ಲ. 1913ರಲ್ಲಿ ಫ್ರಾನ್ಸಿನ ಪಿಯೆರ್ ಮಾರಿ ಮತ್ತು ಶಾರ್ಲ್ ಫ್ವಾ ಮೃತ ವೃದ್ಧೆಯೊಬ್ಬಳ ಕೈಗಳನ್ನು ಛೇದಿಸಿ, ಅಡ್ಡಪಟ್ಟಿಯ ಅಂಚಿನಲ್ಲಿ ನರವು ಗಂಟಿನಂತೆ ಊದಿ, ಪಟ್ಟಿಯ ಕೆಳಗೆ ಸಣಕಲಾಗಿದ್ದುದನ್ನು ಕಂಡರು. ರೋಗವನ್ನು ಮೊದಲೇ ಗುರುತಿಸಿದರೆ ಪಟ್ಟಿಯನ್ನು ಕತ್ತರಿಸಿ ಅದನ್ನು ತಡೆಯಬಹುದೆಂದೂ ಸೂಚಿಸಿದರು.

ಆದರೂ ಈ ಸೂಚನೆಗೆ ಮನ್ನಣೆ ದೊರೆಯಲಿಲ್ಲ. ನೋವು ತೋಳಿನವರೆಗೂ ಹಬ್ಬುತ್ತಿದ್ದುದರಿಂದ ವೈದ್ಯರು ಮೂಲವನ್ನು ಕುತ್ತಿಗೆಯ ಬುಡದಲ್ಲಿ ಅರಸಿದರು. ಪಕ್ಕೆಲುಬು ನರಗಳನ್ನು ಒತ್ತುತ್ತಿದೆಯೆಂದು ಭಾವಿಸಿ ಅದನ್ನೇ ತೆಗೆದುಹಾಕಿದ ಪ್ರಸಂಗಗಳೂ ಉಂಟು. ಮಣಿಕಟ್ಟಿನ ರೋಗಕ್ಕೆ ಎದೆಯ ಮೂಳೆ ಬಲಿಯಾಯಿತು! ಸುಲಭವಾದ ಪರಿಹಾರವು ಗ್ರಂಥದಲ್ಲಿ ಅಚ್ಚಾಗಿದ್ದರೂ ರೋಗಿಗಳು ಕಷ್ಟವಾದ ಶಸ್ತ್ರಕ್ರಿಯೆಗೆ ಒಳಗಾಗಬೇಕಾಯಿತು.

1933ರಲ್ಲಿ ಲಿಯರ್ಮಂತ್ ಪಟ್ಟಿಯನ್ನು ಕತ್ತರಿಸಿದ ವರದಿಯಿತ್ತನು. 1947ರಲ್ಲಿ ರಸೆಲ್ ಬ್ರೇನ್ ಮತ್ತು ಸಂಗಡಿಗರು, ಪೆಟ್ಟೇನೂ ಬೀಳದೆಯೇ ಎರಡೂ ಕೈಗಳಲ್ಲಿ ನರವು ಅದುಮಿಹೋಗಿದ್ದ ಆರು ಮಂದಿಯ ಶಸ್ತ್ರಚಿಕಿತ್ಸೆಯನ್ನು ವಿವರಿಸಿದ ಮೇಲೆ ವೈದ್ಯಲೋಕದ ದೃಷ್ಟಿ ಬದಲಾಯಿತು. ಅಮೆರಿಕದ ಜಾರ್ಜ್ ಫೇಲನ್, ಮಣಿಕಟ್ಟನ್ನು ಮಡಿಸಿ ಹಿಡಿದು ರೋಗವನ್ನು ಪತ್ತೆಮಾಡುವ ಸರಳ ಪರೀಕ್ಷೆಯನ್ನು ಬಳಕೆಗೆ ತಂದನು; 1966ರಲ್ಲಿ 654 ಕೈಗಳ ಅನುಭವವನ್ನು ಪ್ರಕಟಿಸಿದನು. 1980ರ ದಶಕದಲ್ಲಿ ಅಂತರ್ದರ್ಶಕದ ನೆರವಿನಿಂದ ಕಿರಿದಾದ ಗಾಯದ ಮೂಲಕವೇ ಈ ಕಾರ್ಯ ಸಾಧ್ಯವಾಯಿತು. ಸಾಧನವು ಮಾರ್ಪಟ್ಟರೂ ತತ್ತ್ವವು 1913ರದೇ.

ಇಲ್ಲಿ ಕೊರತೆಯಾದುದು ಶಸ್ತ್ರವಲ್ಲ, ಕೈಚಳಕವೂ ಅಲ್ಲ. ನೋವು ತೋರುವ ಎಡೆಯೆಲ್ಲ ನೋವಿನ ಮೂಲವಲ್ಲವೆಂಬ ವಿವೇಕವೂ, ಹಿಂದಿನವರು ಬರೆದಿಟ್ಟುದನ್ನು ಮರಳಿ ಓದುವ ತಾಳ್ಮೆಯೂ ಕೊರತೆಯಾಗಿದ್ದುವು. ಇತಿಹಾಸದ ಅಧ್ಯಯನವು ವಿಜ್ಞಾನದ ವಿದ್ಯಾರ್ಥಿಗೂ ಅವಶ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ.